ಸದರಿ ನಾಯಿಯ ಮೂರನೇ ಮೆಮೋ

ನನ್ನ ಭಾವ ಮೂವತ್ತನಾಲ್ಕು ವರ್ಷ ಬಸ್ ಡಿಪೋದಲ್ಲಿ ಟೈಂಕೀಪರ್ ಆಗಿದ್ದರು. ಅವರು ಬಸ್ಸು ಓಡಿಸಿದವರಲ್ಲ, ಟಿಕೆಟ್ ಹರಿದವರಲ್ಲ, ಒಂದು ನಟ್ಟು ಬಿಗಿ ಮಾಡಿದವರೂ ಅಲ್ಲ. ಗೇಟಿನ ಪಕ್ಕದಲ್ಲಿ ಗಾಜಿನ ಕಿಟಕಿಯ ಒಂದು ಪುಟ್ಟ ಕೋಣೆ, ಗೋಡೆಗೆ ಗಡಿಯಾರ, ಮೇಜಿನ ಮೇಲೆ ಉದ್ದನೆಯ ರಿಜಿಸ್ಟರು, ಎರಡು ಪೆನ್ನು. ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ ನೀಲಿ ಶಾಯಿ, ತಡವಾದರೆ ಕೆಂಪು. ಅಷ್ಟೇ ಕೆಲಸ. ಅಷ್ಟಕ್ಕೇ, ಘಾಟಿಯ ತಿರುವಿನಲ್ಲಿ ಒಂದೇ ಕೈಯಲ್ಲಿ ಸ್ಟೀರಿಂಗ್ ತಿರುಗಿಸುವ ಎಂಟೆದೆಯ ಡ್ರೈವರುಗಳು ಆ ಕಿಟಕಿಯ ಮುಂದೆ ಬಾಲ ಮುದುರಿಕೊಂಡು ನಿಲ್ಲುತ್ತಿದ್ದರು. ತಡವಾದರೆ ಮೆಮೋ, ಮೂರು ಮೆಮೋ ಆದರೆ ಅಮಾನತು. ಭಾವ ಯಾರಿಗೂ ಒಂದು ನಿಮಿಷ ಬಿಟ್ಟುಕೊಟ್ಟವರಲ್ಲ, ಯಾರ ಮೇಲೂ ಒಂದು ನಿಮಿಷ ಸುಳ್ಳು ಬರೆದವರೂ ಅಲ್ಲ. ಈ ಎರಡನೆಯ ಮಾತನ್ನು ಅವರು ತಮ್ಮ ಬೀಳ್ಕೊಡುಗೆಯ ಸಭೆಯಲ್ಲಿ ಮೂರು ಸಲ ಹೇಳಿದರು. ಯಾರೂ ಕೇಳಿರಲಿಲ್ಲ.

ಅವರ ಮನೆ ಇರುವುದು ನನ್ನ ಟೈಲರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ನಾನು ಅವರ ಹೆಂಡತಿಯ ತಮ್ಮ, ಅದೂ ಮದುವೆಯಾಗದೆ ಉಳಿದ ತಮ್ಮ. ಹಾಗಾಗಿ ಊಟಕ್ಕೆ, ಚಹಾಕ್ಕೆ, ಬಚ್ಚಲಿಗೆ ಎಲ್ಲಕ್ಕೂ ಆ ಮೆಟ್ಟಿಲನ್ನೇ ಹತ್ತುತ್ತೇನೆ. ಅಕ್ಕ ನನ್ನ ಅಂಗಡಿಯ ಬಟ್ಟೆಗಳಿಗೆ ಕಾಜಾ ಹಾಕಿ, ಗುಂಡಿ ಹೊಲಿದು, ಅಂಚು ಮಡಿಸಿ ಕೊಡುತ್ತಾಳೆ. ಅವರ ಅಡುಗೆಮನೆಯ ಬಾಗಿಲ ಹಿಂದೆ ಭಾವನ ಮುತ್ತಿನಂಥ ಅಕ್ಷರದಲ್ಲಿ ಒಂದು ವೇಳಾಪಟ್ಟಿ ತೂಗುಬಿದ್ದಿದೆ. ಎದ್ದೇಳುವುದು ಐದು ಹತ್ತಕ್ಕೆ, ಚಹಾ ಐದು ಇಪ್ಪತ್ತೈದಕ್ಕೆ, ಹೀಗೆ ದೀಪ ಆರಿಸುವ ತನಕ. ನಿವೃತ್ತಿಯಾದ ಮೇಲೆ ಎಲ್ಲರ ಮನೆಯಲ್ಲಿ ಇಂಥದ್ದು ಸಡಿಲವಾಗುತ್ತದೆ. ಇಲ್ಲಿ ಇನ್ನೂ ಎರಡು ಸಾಲು ಹೆಚ್ಚಾಯಿತು.

ಅಕ್ಕ ಆ ಪಟ್ಟಿಯ ಬಗ್ಗೆ ಮೂವತ್ತೆಂಟು ವರ್ಷದಲ್ಲಿ ಚಕಾರವೆತ್ತಿಲ್ಲ. ಅವಳಿಗೆ ಚಿಕ್ಕಂದಿನಿಂದ ಇದ್ದದ್ದು ಒಂದೇ ಆಸೆ, ಒಂದು ನಾಯಿ ಸಾಕಬೇಕು ಅಂತ. ಮದುವೆಯಾದ ಹೊಸದರಲ್ಲಿ ಒಂದು ಸಲ ಕೇಳಿದಳು. "ನಾಯಿಗೆ ಟೈಂ ಗೊತ್ತಾಗಲ್ಲ" ಅಂದರು ಭಾವ. ಮಾತು ಅಲ್ಲಿಗೆ ಮುಗಿಯಿತು. ಅವಳು ಮತ್ತೆ ಕೇಳಲಿಲ್ಲ, ಮರೆಯಲೂ ಇಲ್ಲ. ಬೀದಿಯಲ್ಲಿ ಯಾರ ನಾಯಿ ಹೋದರೂ ಸೂಜಿ ಕೈಯಲ್ಲೇ ಹಿಡಿದು ಅದು ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತಿದ್ದಳು.

ಇಲ್ಲಿ ಇನ್ನೊಬ್ಬನ ವಿಷಯ ಹೇಳಬೇಕು. ಡಿಪೋದಲ್ಲಿ ಅವನನ್ನು ಎಲ್ಲರೂ ಏಳು ನಿಮಿಷದ ಡ್ರೈವರ್ ಅಂತಲೇ ಕರೆಯುತ್ತಿದ್ದರು. ಆ ಹೆಸರು ಕೊಟ್ಟದ್ದು ನನ್ನ ಭಾವನ ಕೆಂಪು ಪೆನ್ನು. ಸಕ್ಕರೆ ಕಾಯಿಲೆಯ ಮನುಷ್ಯ ಅವನು, ಒಂದು ದಿನ ತಡೆಯಲಾಗದೆ ದಾರಿಯಲ್ಲಿ ಬಸ್ಸು ನಿಲ್ಲಿಸಿ ಪೊದೆಯ ಮರೆಗೆ ಹೋಗಿಬಂದ. ಡಿಪೋಗೆ ಬಂದಾಗ ಏಳು ನಿಮಿಷ ತಡ. "ಸಾರ್, ಅರ್ಜೆಂಟ್ ಆಯ್ತು" ಅಂದ. ಭಾವ ತಲೆ ಎತ್ತದೆ ಬರೆದರು: ಕಾರಣ, ಅನಧಿಕೃತ ನಿಲುಗಡೆ. ಅದು ಅವನ ಮೂರನೇ ಮೆಮೋ. ಹದಿನೈದು ದಿನ ಮನೆಯಲ್ಲಿ ಕೂತ, ಬಡ್ತಿಯೂ ಕೈತಪ್ಪಿತು. ಈ ಕಥೆಯನ್ನು ಭಾವ ನಮ್ಮ ಮುಂದೆ ಎಷ್ಟೋ ಸಲ ಹೇಳಿದ್ದಾರೆ, ನಿಯಮ ಅಂದರೆ ನಿಯಮ ಅನ್ನುವುದಕ್ಕೆ ಉದಾಹರಣೆಯಾಗಿ. ಹೇಳುವಾಗ ಅವರ ಮುಖದಲ್ಲಿ ಇರುತ್ತಿದ್ದ ತೃಪ್ತಿಯನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಆದರೆ ಅವರ ಮನೆಯ ಅನ್ನ ತಿನ್ನುವವನು ನಾನು, ಏನು ಹೇಳಲಿ.

ಈಗ ಆ ಡ್ರೈವರ್ ಕೂಡ ನಿವೃತ್ತ. ಪೆಟ್ರೋಲ್ ಬಂಕಿನ ಹಿಂದೆ ತಗಡಿನ ಒಂದು ಶೆಡ್ಡು, ಅದರಲ್ಲಿ ಚಕ್ರ ಕಳಚಿದ ಹಳೇ ಬಸ್ಸಿನ ಮೈ. ಅದರೊಳಗೆ ಬಿಟ್ಟುಹೋದ ನಾಯಿಗಳನ್ನು ಇಟ್ಟುಕೊಂಡು ಸಾಕುತ್ತಾನೆ. ಒಂದು ದಿನ ಅವನ ಎರಡು ಅಂಗಿ ಹೊಲಿದಾಗಿತ್ತು. ಅಕ್ಕ ತಾನೇ ಕೊಟ್ಟು ಬರುತ್ತೇನೆ ಅಂತ ಹೋದಳು. ವಾಪಸು ಬರುವಾಗ ಅವಳ ಕೈಯಲ್ಲಿ ಅಂಗಿಯ ಕಾಗದದ ಚೀಲ ಇರಲಿಲ್ಲ. ನನ್ನ ಅಂಗಡಿಯ ಕತ್ತರಿಸಿದ ಅಂಚುಪಟ್ಟಿ ಇತ್ತು, ಅದರ ಇನ್ನೊಂದು ತುದಿಯಲ್ಲಿ ಕಂದು ಬಣ್ಣದ ಒಂದು ನಾಯಿ ಇತ್ತು. ಎರಡು ವರ್ಷದ್ದಿರಬೇಕು. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಸಿ ಇಸ್ತ್ರಿ ಮಾಡಿದಂತೆ.

ನಾನು ಅಂಗಡಿ ಬಿಟ್ಟು ಅವಳ ಹಿಂದೆಯೇ ಮೆಟ್ಟಿಲು ಹತ್ತಿದೆ. ಇಂಥದ್ದನ್ನು ನೋಡದೆ ಬಿಡುವಷ್ಟು ಕೆಲಸ ನನಗೆ ಯಾವತ್ತೂ ಇರುವುದಿಲ್ಲ.

ಭಾವ ಎರಡು ನಲವತ್ತೈದರ ಚಹಾದಲ್ಲಿದ್ದರು.

"ಇದು ಯಾರ ಅಪ್ಪಣೆ ಮೇಲೆ ಬಂತು?"

"ಅಪ್ಪಣೆ ಕೇಳಲಿಲ್ಲ. ಕೇಳಿದ್ರೆ ಬೇಡ ಅಂತಿದ್ರಿ" ಅಂದಳು ಅಕ್ಕ. "ಮೂವತ್ತೆಂಟು ವರ್ಷದಲ್ಲಿ ಒಂದು ಸಲ ಕೇಳಿದ್ದೆ. ಎರಡನೇ ಸಲ ಕೇಳೋ ಬದಲು ತಂದೇಬಿಟ್ಟೆ."

ಭಾವ ಬಾಯಿ ತೆರೆಯುವಷ್ಟರಲ್ಲಿ ನಾಯಿ ಕೋಣೆಯನ್ನು ಒಂದು ಸುತ್ತು ನೋಡಿತು, ಗೋಡೆಗಡಿಯಾರದ ನೇರ ಕೆಳಗೆ ಹೋಗಿ ನಿಂತಿತು, ಹಿಂಗಾಲು ಎತ್ತಿತು. ಬಸ್ಸಿನ ಮೈಯಲ್ಲಿ ಬೆಳೆದ ಪ್ರಾಣಿ, ಮನೆ ಯಾವುದು ಬೀದಿ ಯಾವುದು ಅಂತ ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ನಗು ತಡೆಯಲಾಗದೆ ಕೆಮ್ಮಿದೆ.

ಭಾವ ಕೂಗಾಡಲಿಲ್ಲ. ಅದು ಅವರ ಜಾಯಮಾನವಲ್ಲ. ಒಳಗೆ ಹೋಗಿ ಡಿಪೋದಿಂದ ನೆನಪಿಗೆಂದು ತಂದಿದ್ದ ಒಂದು ಖಾಲಿ ರಿಜಿಸ್ಟರು ತಂದು ಮೇಜಿನ ಮೇಲೆ ಬಿಚ್ಚಿದರು. ಗಡಿಯಾರ ನೋಡಿ ಕೆಂಪು ಶಾಯಿಯಲ್ಲಿ ಬರೆದರು: ಸಮಯ ಎರಡು ಐವತ್ತೊಂದು. ಸ್ಥಳ ಮುಂದಿನ ಕೋಣೆ. ಸದರಿ ನಾಯಿಯು ಮನೆಯ ಒಳಗೆ ಮೂತ್ರ ವಿಸರ್ಜಿಸಿರುತ್ತದೆ. ಆಮೇಲೆ ಷರತ್ತು ಹೇಳಿದರು. ಒಂದು ತಿಂಗಳು ಗಡುವು. ಅಷ್ಟರೊಳಗೆ ಮೂರು ಮೆಮೋ ಆದರೆ ನಾಯಿ ಎಲ್ಲಿಂದ ಬಂತೋ ಅಲ್ಲಿಗೆ. ಇದು ಒಂದನೆಯದು.

"ಮೂರು ಅಂದ್ರೆ ಮೂರು" ಅಂದಳು ಅಕ್ಕ. "ಒಪ್ಪಿದೆ. ಆದ್ರೆ ನ್ಯಾಯವಾಗಿ ಬರೀಬೇಕು."

"ಮೂವತ್ತನಾಲ್ಕು ವರ್ಷ ಏನು ಬರ್ದೆ ಮತ್ತೆ?" ಅಂದರು ಭಾವ. ಅವರಿಗೆ ನಿಜವಾಗಿಯೂ ನೋವಾಗಿತ್ತು.

ಮೆಮೋ ಕೊಟ್ಟದ್ದಕ್ಕೆ ಆಪಾದಿತನ ಸಹಿ ಬೇಕಲ್ಲ. ಭಾವ ಸ್ಟಾಂಪ್ ಪ್ಯಾಡ್ ತಂದರು, ನಾಯಿಯ ಮುಂಗಾಲನ್ನು ಅದರ ಮೇಲೆ ಒತ್ತಿ ರಿಜಿಸ್ಟರಿನಲ್ಲಿ ಮುದ್ರೆ ಹಾಕಿಸಿದರು, ಪಕ್ಕದಲ್ಲಿ ಪೋಷಕರ ಸಹಿ ಅಂತ ಅಕ್ಕನಿಂದ ರುಜು ಮಾಡಿಸಿದರು. ನಾಯಿ ಆ ನೇರಳೆ ಕಾಲಿನಲ್ಲೇ ಅಡುಗೆಮನೆಯವರೆಗೆ ನಡೆದುಕೊಂಡು ಹೋಯಿತು. ಇದೂ ಒಂದು ಮೆಮೋ ಆಗುತ್ತದೋ ಅಂತ ನಾನು ಕೇಳಿದೆ. ಅದು ಕಚೇರಿ ಕೆಲಸದ ನಿಮಿತ್ತ ಆದದ್ದು, ಲೆಕ್ಕಕ್ಕಿಲ್ಲ ಅಂದರು. ಮನುಷ್ಯ ನ್ಯಾಯವಂತನೇ, ಇಲ್ಲ ಅನ್ನಲಾರೆ. ನಾಯಿಗೆ ಅಂದಿನಿಂದ ಸದರಿ ಅಂತಲೇ ಹೆಸರಾಯಿತು. ಅಕ್ಕ ಇಟ್ಟ ಹೆಸರು ಬೇರೇನೋ ಇತ್ತು, ಆದರೆ ನಾಯಿ ತಿರುಗಿ ನೋಡುತ್ತಿದ್ದದ್ದು ಸದರಿ ಅಂದರೆ ಮಾತ್ರ.

ಮರುದಿನ ಅಡುಗೆಮನೆಯ ಬಾಗಿಲ ಹಿಂದೆ ಎರಡನೇ ವೇಳಾಪಟ್ಟಿ ಬಂತು. ದಿನಕ್ಕೆ ಆರು ಟ್ರಿಪ್ಪು. ಮೆಟ್ಟಿಲು, ನನ್ನ ಅಂಗಡಿ, ಗಡಿಯಾರ ರಿಪೇರಿಯವನು, ಅಂಚೆ ಕಚೇರಿ, ಅದರೆದುರು ದೀಪದ ಕಂಬ, ವಾಪಸು. ಹೋಗಿಬರುವುದಕ್ಕೆ ಹದಿನಾಲ್ಕು ನಿಮಿಷ. ಕಂಬದ ಹತ್ತಿರ ಕಾರ್ಯ ಆದರೆ ಅರ್ಧ ಬಿಸ್ಕತ್ತು. ಅಕ್ಕ ಕರೆದುಕೊಂಡು ಹೋಗುತ್ತೇನೆ ಅಂದರೆ, "ನಿನಗೆ ಟೈಂ ಹಿಡಿಯೋಕೆ ಬರಲ್ಲ" ಅಂತ ಭಾವನೇ ಹೊರಟರು. ನಾಯಿ ಬೇಡ ಅಂದ ಮನುಷ್ಯ ದಿನಕ್ಕೆ ಆರು ಸಲ ನಾಯಿ ಹಿಡಿದು ಬೀದಿಯಲ್ಲಿ ನಡೆಯುವುದನ್ನು ನೋಡುವುದಕ್ಕೇ ನಾನು ಹೊಲಿಗೆ ಯಂತ್ರವನ್ನು ಬಾಗಿಲ ಕಡೆಗೆ ತಿರುಗಿಸಿ ಇಟ್ಟುಕೊಂಡೆ.

ಸದರಿ ಬುದ್ಧಿವಂತ. ಬಾಗಿಲು ಅಂದರೇನು, ಕಂಬ ಅಂದರೇನು ಅಂತ ನಾಲ್ಕೇ ದಿನದಲ್ಲಿ ಅರ್ಥಮಾಡಿಕೊಂಡಿತು. ಐದನೇ ದಿನದಿಂದ ಹೊತ್ತಿಗೆ ಎರಡು ನಿಮಿಷ ಮುಂಚೆಯೇ ಬಾಗಿಲ ಬಳಿ ಕೂರತೊಡಗಿತು. ರಿಜಿಸ್ಟರಿನಲ್ಲಿ ನೀಲಿ ಸಾಲುಗಳು ಬೆಳೆದವು. ವಿಚಿತ್ರವೆಂದರೆ ನಾಯಿ ಕಲಿತಷ್ಟೂ ಟ್ರಿಪ್ಪುಗಳು ಹೆಚ್ಚಾದವು. ಆರು ಎಂಟಾಯಿತು, ಎಂಟು ಹನ್ನೊಂದಾಯಿತು. ಬಿಸಿಲಿನಲ್ಲಿ ನಿದ್ದೆಗಣ್ಣಿನ ನಾಯಿಯನ್ನು ಎಳೆದುಕೊಂಡು ಭಾವ ಸರಸರ ಹೋಗುವುದು ಕಾಣುತ್ತಿತ್ತು.

"ಏನು ಭಾವ, ಈಗ ತಾನೆ ಹೋಗಿಬಂದ್ರಿ" ಅಂದೆ ಒಂದು ದಿನ.

"ಪಾಪ, ಅದಕ್ಕೆ ತಡೆಯೋಕಾಗಲ್ಲ" ಅಂದರು, ನಿಲ್ಲದೆ.

ಅಂಚೆ ಕಚೇರಿಯ ಪಕ್ಕದಲ್ಲಿ ಸಾರ್ವಜನಿಕ ಶೌಚಾಲಯವಿದೆ. ನನಗೆ ಅಂಚೆ ಕಚೇರಿಯಲ್ಲಿ ಕೆಲಸವಿದ್ದ ದಿನ ನೋಡಿದೆ. ಸದರಿ ಶೌಚಾಲಯದ ಕಬ್ಬಿಣದ ಸರಳಿಗೆ ಕಟ್ಟಿಸಿಕೊಂಡು ಆಕಳಿಸುತ್ತಾ ಕೂತಿತ್ತು. ಭಾವ ಒಳಗಿದ್ದರು. ಹೊರಗೆ ಬಂದವರು ನನ್ನನ್ನು ನೋಡಿ, ಕೈ ತೊಳೆಯೋಕೆ ಹೋಗಿದ್ದೆ ಅಂದರು. ನಾನು ಕೇಳಿರಲಿಲ್ಲ.

ನಾನು ಟೈಲರ್. ಗಂಡಸರ ವಯಸ್ಸು ನನಗೆ ಮುಖ ನೋಡಿ ಅಲ್ಲ, ಪ್ಯಾಂಟ್ ನೋಡಿ ಗೊತ್ತಾಗುತ್ತದೆ. ನಾಯಿ ಬರುವ ಎರಡು ತಿಂಗಳು ಮುಂಚೆ ಭಾವ ತಮ್ಮ ಅಷ್ಟೂ ಪ್ಯಾಂಟ್ ತಂದು, ಮುಂದಿನ ಗುಂಡಿಗಳನ್ನೆಲ್ಲ ತೆಗೆದು ಜಿಪ್ಪು ಹಾಕು ಅಂದಿದ್ದರು. ಬೆರಳು ನೋಯುತ್ತದೆ ಅನ್ನುವುದು ಅವರು ಕೊಟ್ಟ ಕಾರಣ. ಹೊಸದಾಗಿ ಹೊಲಿಸಿದ ಎರಡೂ ಕಪ್ಪು ಬಣ್ಣದವು. ಜೀವಮಾನವಿಡೀ ತಿಳಿ ಬೂದು ಬಿಟ್ಟು ಬೇರೆ ಬಣ್ಣ ಮುಟ್ಟದ ಮನುಷ್ಯ. ಅರುವತ್ತು ದಾಟಿದವರು ಬಂದು ಜಿಪ್ಪು, ಕಪ್ಪು ಬಣ್ಣ ಅಂದರೆ ನಾನು ಅಳತೆ ಪಟ್ಟಿಯಿಂದ ಕಣ್ಣೆತ್ತುವುದಿಲ್ಲ. ನನ್ನ ಕಸುಬಿನಲ್ಲಿ ಬಾಯಿಗೆ ಬೀಗ ಇರಬೇಕು.

ಒಂಬತ್ತನೇ ದಿನ ಎರಡನೇ ಮೆಮೋ ಬಂತು. ಅಕ್ಕ ನನ್ನ ಅಂಗಡಿಯಲ್ಲಿ ಕಾಜಾ ಹಾಕುತ್ತಾ ಕೂತಿದ್ದಳು. ಭಾವ ರಿಜಿಸ್ಟರು ಹಿಡಿದು ಕೆಳಗಿಳಿದು ಬಂದರು. ಸಮಯ ನಾಲ್ಕು ಎರಡು, ಸ್ಥಳ ಬಚ್ಚಲಿನ ಬಾಗಿಲ ಮುಂದೆ, ಸದರಿ ನಾಯಿ. ಅವರು ಅದನ್ನು ಓದಿ ಹೇಳಿದ್ದು ಅಕ್ಕನಿಗಲ್ಲ, ನನ್ನ ಇಸ್ತ್ರಿ ಪೆಟ್ಟಿಗೆಗೆ. ಅಕ್ಕ ಸೂಜಿ ಚುಚ್ಚಿಟ್ಟು ಎದ್ದು ಮೇಲೆ ಹೋದಳು. ಐದು ನಿಮಿಷದ ಮೇಲೆ ಒದ್ದೆ ಬಟ್ಟೆ ಕೈಯಲ್ಲಿ ಹಿಡಿದೇ ಬಂದು ಸಹಿ ಹಾಕಿದಳು.

ಆವತ್ತು ಸಂಜೆ ನನ್ನ ಅಂಗಡಿಯ ಮುಂದಿನ ತಗಡಿನ ಮೇಲೆ ತೊಟ್ ತೊಟ್ ಅಂತ ನೀರು ಬೀಳತೊಡಗಿತು. ಹೊರಗೆ ಬಂದು ನೋಡಿದೆ. ಮೇಲಿನ ತಂತಿಯ ಮೇಲೆ ಭಾವನ ಕಪ್ಪು ಪ್ಯಾಂಟು ಒಂದೇ ಒಂದು, ಹಿಂಡದೆ ಹಾಕಿದ್ದು, ನೇತಾಡುತ್ತಿತ್ತು. ಅದು ಒಗೆಯುವ ದಿನವಲ್ಲ. ಅಲ್ಲದೆ ಅಕ್ಕ ಎಂದೂ ಹಿಂಡದೆ ಹಾಕುವವಳಲ್ಲ. ಮೂವತ್ತೆಂಟು ವರ್ಷದಲ್ಲಿ ಒಂದು ಕರ್ಚೀಫು ಒಗೆಯದ ಭಾವ ಅಂದು ತಾವೇ ಪ್ಯಾಂಟು ಒಗೆದಿದ್ದರು.

"ಚಹಾ ಚೆಲ್ಲಿತು" ಅಂದರು ಭಾವ ಮೇಲಿನಿಂದ.

ನನಗೆ ಎಲ್ಲ ತಿಳಿಯಿತು. ಆ ಬಚ್ಚಲಿನ ಬಾಗಿಲ ಮುಂದೆ ಆದದ್ದು ನಾಯಿಯದಲ್ಲ. ಯಾರ ಮೇಲೂ ಒಂದು ನಿಮಿಷ ಸುಳ್ಳು ಬರೆಯದ ಟೈಂಕೀಪರು ಮೊದಲ ಸಲ ಸುಳ್ಳು ಬರೆದಿದ್ದರು, ಅದೂ ಓದುಬರಹ ಬಾರದ, ಮೇಲ್ಮನವಿ ಹಾಕಲಾರದ ಒಂದು ಪ್ರಾಣಿಯ ಮೇಲೆ. ನನಗೆ ಸಿಟ್ಟು ಬಂತು. ಅದರ ಬೆನ್ನಿಗೇ ಅಯ್ಯೋ ಅನಿಸಿತು. ಡಾಕ್ಟರ ಹತ್ತಿರ ಹೋಗಿ ಒಂದು ಮಾತು ಹೇಳಿದರೆ ಮುಗಿಯುವ ವಿಷಯ. ಆದರೆ ಹೇಳುವುದಕ್ಕೆ ಬಾಯಿ ಬೇಕಲ್ಲ, ಅದು ಬರೀ ಬೇರೆಯವರ ತಪ್ಪು ಹೇಳಿ ಪಳಗಿದ ಬಾಯಿ. ನಾನು ಅಕ್ಕನಿಗೆ ಹೇಳಿಬಿಡಬೇಕು ಅಂತ ಎರಡು ಸಲ ಮೆಟ್ಟಿಲು ಹತ್ತಿದೆ, ಎರಡೂ ಸಲ ಚಹಾ ಕುಡಿದು ಇಳಿದೆ.

ಆಮೇಲಿನ ದಿನಗಳಲ್ಲಿ ಅಕ್ಕ ಒಂದು ಥರ ಹಗುರವಾಗಿದ್ದಳು. ಹೊಲಿಯುವಾಗ ಸದರಿ ಅವಳ ಪಾದದ ಮೇಲೆ ಗಲ್ಲವಿಟ್ಟು ಮಲಗುತ್ತಿತ್ತು. ಪಾದ ಜೋಮು ಹಿಡಿದರೂ ಅವಳು ಕದಲಿಸುತ್ತಿರಲಿಲ್ಲ. ಅದರ ಜೊತೆ ಮಾತಾಡುತ್ತಿದ್ದಳು. ಅವಳಿಗೆ ಅಷ್ಟು ಮಾತಾಡುವುದಕ್ಕೆ ಬರುತ್ತದೆ ಅಂತ ನನಗೇ ಗೊತ್ತಿರಲಿಲ್ಲ. ಎರಡು ಮೆಮೋ ಆಗಿದೆ, ಇನ್ನು ಒಂದೇ ಬಾಕಿ ಅನ್ನುವುದು ನೆನಪಾದಾಗ ಮಾತ್ರ ಗಡಿಯಾರದ ಕಡೆ ಅಲ್ಲ, ಗೋಡೆಯ ಕ್ಯಾಲೆಂಡರಿನ ಕಡೆ ನೋಡುತ್ತಿದ್ದಳು. ಇನ್ನು ಹತ್ತು ದಿನ, ಇನ್ನು ಆರು ದಿನ.

ಇಪ್ಪತ್ತಾರನೇ ದಿನ, ಬೆಳಿಗ್ಗೆ ಹನ್ನೊಂದರ ಹೊತ್ತು, ನಾನು ಮೇಲೆ ಹೋಗಿ ಬಚ್ಚಲು ಸೇರಿಕೊಂಡಿದ್ದೆ. ಅಕ್ಕ ಕೆಳಗೆ ಅಂಗಡಿಯಲ್ಲಿದ್ದಳು. ಅಂದು ಅಂಚೆ ಕಚೇರಿಯ ಪಕ್ಕದ ಶೌಚಾಲಯಕ್ಕೆ ರಿಪೇರಿಯ ಬೋರ್ಡು ಹಾಕಿ ಬೀಗ ಜಡಿದಿದ್ದರಂತೆ. ಇದು ನನಗೆ ಆಮೇಲೆ ತಿಳಿದದ್ದು. ಮೆಟ್ಟಿಲ ಮೇಲೆ ಭಾವನ ಹೆಜ್ಜೆ ಎರಡೆರಡಾಗಿ ಓಡಿಬರುವುದು ಕೇಳಿಸಿತು, ಹಿಂದೆ ನಾಯಿಯ ಉಗುರಿನ ಸದ್ದು. ಬಾಗಿಲು ಬಡಿದರು.

"ಯಾರು ಒಳಗೆ?"

"ನಾನೇ ಭಾವ. ಒಂದ್ ನಿಮಿಷ."

"ಬೇಗ."

ನಾನು ಯಾವತ್ತೂ ಬೇಗ ಬಂದವನಲ್ಲ. ಆದರೂ ಆ ದನಿ ಕೇಳಿ ಅವಸರ ಮಾಡಿದೆ. ಇನ್ನೊಂದು ಸಲ ಬಡಿತ ಕೇಳಿಸಿತು, ಆಮೇಲೆ ಇಲ್ಲ. ನಾನು ಬಾಗಿಲು ತೆರೆದಾಗ ಭಾವ ಗೋಡೆಗೆ ಕೈಯೂರಿ ನಿಂತಿದ್ದರು. ನೆಲದ ಮೇಲೆ ಆಗಬಾರದ್ದು ಆಗಿತ್ತು. ಪ್ಯಾಂಟು ಕಪ್ಪಾದ್ದರಿಂದ ಕಾಣುತ್ತಿರಲಿಲ್ಲ, ಆದರೆ ಚಪ್ಪಲಿ ಒದ್ದೆಯಾಗಿತ್ತು. ಸದರಿ ಅದನ್ನು ಮೂಸಿ ನೋಡಿ, ಎರಡು ಹೆಜ್ಜೆ ಹಿಂದೆ ಸರಿದು ಕೂತಿತು. ತನಗಿಂತ ಹಿರಿಯರಿಗೆ ಹೇಗೆ ಹೇಳುವುದು ಅನ್ನುವ ಮುಖ ಮಾಡಿತ್ತು.

ಭಾವ ನನ್ನನ್ನು ನೋಡಿದರು. ನಾನು ನಾಯಿಯನ್ನು ನೋಡಿದೆ. ಅಷ್ಟರಲ್ಲಿ ಅಕ್ಕ ಹೊಲಿದ ಅಂಗಿಗಳ ಗಂಟು ಹೊತ್ತು ಮೆಟ್ಟಿಲು ಹತ್ತಿ ಬಂದಳು. ನೆಲ ನೋಡಿದಳು. ಚಪ್ಪಲಿ ನೋಡಿದಳು. ಗಂಟನ್ನು ಕುರ್ಚಿಯ ಮೇಲಿಟ್ಟಳು.

"ಸದರಿ..." ಅಂದರು ಭಾವ.

ನಾನು ಬಾಯಿ ತೆರೆದೆ. ಅಕ್ಕ ನನ್ನ ಕಾಲು ತುಳಿದಳು, ನೋಯುವ ಹಾಗೆ. ಆಮೇಲೆ ಒಳಗೆ ಹೋಗಿ ರಿಜಿಸ್ಟರು, ಕೆಂಪು ಪೆನ್ನು ತಂದು ಮೇಜಿನ ಮೇಲಿಟ್ಟಳು.

"ಬರೀರಿ. ಮೂರು ಅಂದ್ರೆ ಮೂರು."

ಭಾವ ನಿಂತುಕೊಂಡೇ ಬರೆದರು. ಸಮಯ ಹನ್ನೊಂದು ಹನ್ನೆರಡು. ಸ್ಥಳ. ಆಮೇಲೆ ಪೆನ್ನು ಸ್ವಲ್ಪ ಹೊತ್ತು ಸುಮ್ಮನೆ ನಿಂತಿತು. ಆಮೇಲೆ ಬರೆಯಿತು: ಸದರಿ ನಾಯಿ. ಅಕ್ಕ ಸಹಿ ಹಾಕಿದಳು. ಸದರಿಯ ಕೊರಳಿಗೆ ಪಟ್ಟಿ ಕಟ್ಟಿ ಭಾವನ ಕೈಗೆ ಕೊಟ್ಟು, "ಬಟ್ಟೆ ಬದಲಾಯಿಸ್ಕೊಂಡು ಹೋಗಿ" ಅಂದಳು, ಬೇರೆ ಯಾವುದೋ ವಿಷಯ ಹೇಳುವವಳ ಹಾಗೆ. "ಬಿಟ್ಟು ಬನ್ನಿ. ಇವನೂ ಜೊತೆಗೆ ಬರ್ತಾನೆ."

ದಾರಿಯಲ್ಲಿ ನಾನು ನಾಲ್ಕು ಹೆಜ್ಜೆ ಹಿಂದೆಯೇ ನಡೆದೆ. ಮಾತಾಡಿದ್ದರೆ ಕೆಟ್ಟ ಮಾತೇ ಬರುತ್ತಿತ್ತು. ಈ ಮನುಷ್ಯ ತನ್ನ ಮಾನ ಉಳಿಸಿಕೊಳ್ಳಲು ನನ್ನ ಅಕ್ಕನ ಒಂದೇ ಒಂದು ಆಸೆಯನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋಗುತ್ತಿದ್ದ. ಅಂದು ಮಾತ್ರ ನಾನು ಮನಸ್ಸಿನಲ್ಲೇ ಅವರನ್ನು ಏಕವಚನಕ್ಕೆ ಇಳಿಸಿದ್ದೆ. ಸದರಿ ಮಾತ್ರ ಖುಷಿಯಾಗಿತ್ತು. ದೀಪದ ಕಂಬದ ಹತ್ತಿರ ತನ್ನ ಕೆಲಸ ಮುಗಿಸಿ, ತಿರುಗಿ ಬಿಸ್ಕತ್ತಿಗಾಗಿ ನೋಡಿತು. ಭಾವನ ಜೇಬಿನಲ್ಲಿ ಅರ್ಧ ಬಿಸ್ಕತ್ತು ಇತ್ತು. ಅಭ್ಯಾಸದಂತೆ ಕೊಟ್ಟರು, ಕೊಟ್ಟ ಕೈಯನ್ನು ಆಮೇಲೆ ಎಲ್ಲಿಡಬೇಕು ಅಂತ ಅವರಿಗೆ ತೋಚಲಿಲ್ಲ.

ಶೆಡ್ಡಿನ ಮುಂದೆ ಏಳು ನಿಮಿಷದ ಡ್ರೈವರ್ ನಾಯಿಗಳ ಪಾತ್ರೆ ತೊಳೆಯುತ್ತಿದ್ದ. ಭಾವನನ್ನು ನೋಡಿ ಎದ್ದು ನಿಂತ, ಹಳೇ ಅಭ್ಯಾಸ. ಭಾವ ರಿಜಿಸ್ಟರು ಮುಂದೆ ಹಿಡಿದರು. ಅದನ್ನೂ ಜೊತೆಗೆ ತಂದಿದ್ದರು, ವಾಪಸು ಕೊಡುವುದಕ್ಕೆ ದಾಖಲೆ ಬೇಕಲ್ಲ. ಡ್ರೈವರ್ ಕೈ ಒರೆಸಿಕೊಂಡು ಮೂರೂ ಕೆಂಪು ಸಾಲುಗಳನ್ನು ಓದಿದ.

"ಅಕ್ಷರ ಹಂಗೇ ಇದೆ ಸಾರ್" ಅಂದ. "ಮೂರು ಮೆಮೋ. ನನಗೆ ಅಮಾನತು, ಇದಕ್ಕೆ ವಜಾ."

"ನಿಯಮ" ಅಂದರು ಭಾವ.

"ಆಗ್ಲಿ ಸಾರ್. ಇಲ್ಲೇ ಕಟ್ಟಿ. ಎರಡು ನಿಮಿಷ ಕೂತಿರಿ, ನನಗೆ ಅರ್ಜೆಂಟ್ ಆಯ್ತು. ನನ್ನ ಕಾಯಿಲೆ ನಿಮಗೆ ಗೊತ್ತಲ್ಲ."

ಅಷ್ಟು ಹೇಳಿ ಅವನು ಶೆಡ್ಡಿನ ಹಿಂದಿನ ಕೋಣೆಗೆ ಹೋದ. ಸಂತೆಗೆ ಹೋಗಿಬರುತ್ತೇನೆ ಅನ್ನುವಷ್ಟೇ ಸಲೀಸಾಗಿ ಹೇಳಿದ್ದ. ಭಾವ ಮುರಿದ ಬಸ್ಸಿನ ಮೆಟ್ಟಿಲ ಮೇಲೆ ಕೂತರು. ಸದರಿ ಅವರ ಪಾದದ ಮೇಲೆ ಗಲ್ಲವಿಟ್ಟು ಮಲಗಿತು, ಮನೆಯಲ್ಲಿ ಅಕ್ಕನ ಪಾದದ ಮೇಲೆ ಮಲಗುವಂತೆ. ಭಾವ ಪಾದ ಕದಲಿಸಲಿಲ್ಲ.

ಡ್ರೈವರ್ ಬಂದ. "ಏಳು ನಿಮಿಷ ಆಗಲಿಲ್ಲ ತಾನೆ?" ಅಂದ, ನಗುತ್ತಾ.

ಭಾವ ನಗಲಿಲ್ಲ. "ಅವತ್ತು ನಾನು ಬರೀಬಾರದಿತ್ತು" ಅಂದರು, ನೆಲ ನೋಡುತ್ತಾ. ಅವರ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು.

"ಬರೆದದ್ದು ಸರಿಯೇ ಸಾರ್. ಲೇಟ್ ಆಗಿದ್ದು ನಿಜ" ಅಂದ ಡ್ರೈವರ್. "ಕಾರಣ ಮಾತ್ರ ತಪ್ಪು ಬರೆದ್ರಿ. ನಾನು ಹೇಳ್ತಾನೇ ಇದ್ದೆ, ನೀವು ತಲೆ ಎತ್ತಲಿಲ್ಲ."

ಆಮೇಲೆ ಭಾವ ನಿಧಾನವಾಗಿ ಪಾದ ಬಿಡಿಸಿಕೊಂಡು ಎದ್ದರು.

"ನಿಮ್ಮದು ಆ ಹಿಂದಿನ ಕೋಣೆ... ನನಗೂ ಹೋಗ್ಬೇಕು" ಅಂದರು. ಅಲ್ಲಿಯವರೆಗೂ ಅವರು ಅವನನ್ನು ಬಹುವಚನದಲ್ಲಿ ಕರೆದದ್ದಿಲ್ಲ.

"ಹೋಗಿಬನ್ನಿ ಸಾರ್. ಇಲ್ಲಿ ಯಾರೂ ಟೈಂ ನೋಡಲ್ಲ."

ಅವರು ಹೋಗಿಬಂದು ರಿಜಿಸ್ಟರು ತೊಡೆಯ ಮೇಲಿಟ್ಟುಕೊಂಡರು. ಮೂರನೇ ಸಾಲಿನಲ್ಲಿ 'ಸದರಿ ನಾಯಿ' ಅಂತ ಇದ್ದದ್ದನ್ನು ಹೊಡೆದುಹಾಕಿ ಮೇಲೆ ಬರೆದರು: ನಿವೃತ್ತ ಟೈಂಕೀಪರ್. ಆಮೇಲೆ ಹಿಂದಿನ ಪುಟಕ್ಕೆ ತಿರುಗಿಸಿ ಎರಡನೆಯದನ್ನೂ ಹಾಗೆಯೇ ತಿದ್ದಿದರು. ಮೂವತ್ತನಾಲ್ಕು ವರ್ಷದಲ್ಲಿ ಅವರ ಯಾವ ರಿಜಿಸ್ಟರಿನಲ್ಲೂ ಒಂದು ಕಾಟು ಇರಲಿಲ್ಲ. ಮೊದಲನೇ ಮೆಮೋ ಮಾತ್ರ ಹಾಗೇ ಬಿಟ್ಟರು. ಅದು ನಾಯಿಯದೇ. ಡ್ರೈವರ್ ಪಟ್ಟಿ ಬಿಚ್ಚಿ ಅವರ ಕೈಗೆ ಕೊಟ್ಟ. ಏನು ಎತ್ತ ಅಂತ ಕೇಳಲಿಲ್ಲ. ಕೇಳದೆ ಇರುವುದೂ ಒಂದು ದೊಡ್ಡತನ ಅಂತ ನನಗೆ ಅಂದು ಗೊತ್ತಾಯಿತು. ಒಂದು ತಿಂಗಳಿಂದ ನಾನೂ ಕೇಳದೆ ಇದ್ದೆ, ಆದರೆ ನನ್ನದು ಬರೀ ಪುಕ್ಕಲುತನ.

ನಾವು ಮನೆಗೆ ಬಂದಾಗ ಸದರಿಯ ಪಾತ್ರೆ ಇದ್ದಲ್ಲೇ ಇತ್ತು, ಅದರಲ್ಲಿ ಹಾಲು ತುಂಬಿತ್ತು. ಅಕ್ಕ ಅದನ್ನು ಎತ್ತಿಟ್ಟಿರಲಿಲ್ಲ. ಬಚ್ಚಲಿನ ಮುಂದಿನ ನೆಲ ಒರೆಸಿ ಆಗಿತ್ತು. ತಂತಿಯ ಮೇಲೆ ಕಪ್ಪು ಪ್ಯಾಂಟು ಚೆನ್ನಾಗಿ ಹಿಂಡಿ ಹಾಕಿದ್ದು ಒಣಗುತ್ತಿತ್ತು. ಭಾವ ಅದನ್ನೇ ನೋಡಿದರು. ರಿಜಿಸ್ಟರನ್ನು ಮೇಜಿನ ಮೇಲಿಟ್ಟು ಪಕ್ಕಕ್ಕೆ ನಿಂತರು, ಒಂದು ಕಾಲದಲ್ಲಿ ಡ್ರೈವರುಗಳು ಅವರ ಕಿಟಕಿಯ ಮುಂದೆ ನಿಲ್ಲುತ್ತಿದ್ದ ಹಾಗೆ.

ಅಕ್ಕ ಕನ್ನಡಕ ಹಾಕಿಕೊಂಡು ಎರಡೂ ಪುಟ ಓದಿದಳು. ಅವಳಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ.

"ಎರಡನೇದು ಅವತ್ತೇ ಗೊತ್ತಿತ್ತು" ಅಂದಳು. "ನೀವೇ ಹೇಳ್ಲಿ ಅಂತ ಕಾದೆ. ಇವತ್ತು ನೀವು ಅದನ್ನ ಬಿಟ್ಟೇ ಬಂದಿದ್ರೆ, ನಾನೂ ಅಲ್ಲಿಗೇ ಹೋಗ್ತಿದ್ದೆ."

ಅವಳು ಅದನ್ನು ಬೆದರಿಕೆಯಾಗಿ ಹೇಳಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು, ಭಾವನಿಗೂ ಆಗಿರಬೇಕು. ಅವರ ಕಣ್ಣು ಒದ್ದೆಯಾಯಿತು. ಒರೆಸಿಕೊಳ್ಳಲು ಕರ್ಚೀಫು ಹುಡುಕಿದರೆ ಜೇಬಿನಲ್ಲಿ ಬಿಸ್ಕತ್ತಿನ ಪುಡಿ ಸಿಕ್ಕಿತು.

ಅಕ್ಕ ಪೆನ್ನು ಅವರ ಕಡೆ ಚಾಚಿದಳು.

"ನಾಯೀದು ಒಂದು, ನಿಮ್ಮದು ಎರಡು. ನಾಳೆ ಬೆಳಿಗ್ಗೆ ಡಾಕ್ಟರ ಹತ್ರ ಹೋಗ್ತಾ ಇದೀವಿ. ಇನ್ನೊಂದಾದ್ರೆ ನಿಮ್ಮನ್ನ ಶೆಡ್ಡಿಗೆ ಬಿಟ್ಟು ಬರ್ತೀನಿ. ಸಹಿ ಹಾಕಿ."

ಭಾವ ಎರಡೂ ಸಾಲಿನ ಕೆಳಗೆ ಸಹಿ ಹಾಕಿದರು. ನಾನು ಸಾಕ್ಷಿಯ ಜಾಗದಲ್ಲಿ ಹಾಕಿದೆ. ಆ ರಿಜಿಸ್ಟರು ಈಗಲೂ ಅವರ ಮೇಜಿನ ಮೇಲಿದೆ. ಸಹಿಯ ಪಕ್ಕದಲ್ಲಿ ಸಮಯ ಅಂತ ಇರುವ ಕಾಲಂ ಖಾಲಿ ಇದೆ. ಅಂದು ಎಷ್ಟು ಹೊತ್ತಾಗಿತ್ತು ಅಂತ ಅವರು ನೋಡಿರಲಿಲ್ಲ.